ನೀರಿನ ಮೇಲಿನ ಮನೆ ಅಗ್ಗವೇ?

ಲಂಡನ್ ನಗರದ ನಡುವೆ ಒಂದು ಹಳೆಯ ಕಾಲುವೆ ಹಾದುಹೋಗುತ್ತದೆ. 1820ರಲ್ಲಿ ಪೂರ್ಣಗೊಂಡ ಈ ರೀಜೆಂಟ್ಸ್ ಕಾಲುವೆಯ ದಂಡೆಯಲ್ಲಿ ನಡೆದುಹೋದರೆ ಉಕ್ಕಿನ ಉದ್ದನೆಯ ದೋಣಿಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಚಾವಣಿಯ ಮೇಲೆ ಸೌದೆಯ ಕಟ್ಟು, ಹೂಕುಂಡ, ಸೈಕಲ್ಲು, ಸೌರ ಫಲಕ. ಪುಟ್ಟ ಚಿಮಣಿಯಿಂದ ಹೊಗೆ. ಇವುಗಳಲ್ಲಿ ಬಹಳಷ್ಟು ವಿಹಾರಕ್ಕೆ ಬಂದ ದೋಣಿಗಳಲ್ಲ, ಜನ ಸಂಸಾರ ಹೂಡಿರುವ ಮನೆಗಳು.

ಲಂಡನ್ನಿನಲ್ಲಿ ಮನೆ ಕೊಳ್ಳುವುದಿರಲಿ, ಬಾಡಿಗೆ ಕೊಡುವುದೂ ಸಾಮಾನ್ಯ ಸಂಬಳದವರಿಗೆ ಕಷ್ಟ. ಮನೆಯ ಬೆಲೆಯ ಒಂದು ಸಣ್ಣ ಭಾಗದಷ್ಟು ಹಣಕ್ಕೆ ದೋಣಿ ಸಿಗುತ್ತದೆ. ಹೀಗಾಗಿ ‘ಬಾಡಿಗೆ ಉಳಿಯುತ್ತದಲ್ಲ’ ಎಂಬ ಒಂದೇ ಲೆಕ್ಕದ ಮೇಲೆ ಕೂಡಿಟ್ಟ ಹಣವನ್ನೆಲ್ಲ ದೋಣಿಗೆ ಸುರಿದು, ಕೆಲವೇ ಚಳಿಗಾಲಗಳಲ್ಲಿ ನಷ್ಟಕ್ಕೆ ಮಾರಿ ದಡ ಸೇರುವವರಿದ್ದಾರೆ. ಅವರ ಲೆಕ್ಕ ತಪ್ಪಿದ್ದು ಎಲ್ಲಿ? ಕೂಡುವ ಕಳೆಯುವ ಲೆಕ್ಕದಲ್ಲಿ ಮಾತ್ರ ಅಲ್ಲ. ಹೆಚ್ಚಿನ ತಪ್ಪುಗಳು ನೀವು ಪ್ರೌಢಶಾಲೆಯಲ್ಲಿ ಓದಿದ, ಅಥವಾ ಓದಿಸುತ್ತಿರುವ, ಭೌತವಿಜ್ಞಾನ ಮತ್ತು ರಸಾಯನವಿಜ್ಞಾನದ ಪಾಠಗಳಲ್ಲೇ ಇವೆ. ಬನ್ನಿ, ಒಂದೊಂದಾಗಿ ನೋಡೋಣ.

ಸರಕಿನ ದೋಣಿ ಮನೆಯಾದದ್ದು

ಇಂಗ್ಲೆಂಡಿನ ಕಾಲುವೆಗಳನ್ನು ತೋಡಿದ್ದು ವಾಸಕ್ಕಲ್ಲ, ಕಲ್ಲಿದ್ದಲು ಸಾಗಿಸಲು. ವರ್ಸ್‌ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನತ್ತ ಕಲ್ಲಿದ್ದಲು ಒಯ್ಯುವ ಬ್ರಿಜ್‌ವಾಟರ್ ಕಾಲುವೆ 1761ರಲ್ಲಿ ತೆರೆಯಿತು. ಅಲ್ಲಿ ದುಡಿದ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಮುಂದೆ ಇನ್ನೂ ಹಲವು ಕಾಲುವೆಗಳನ್ನು ರೂಪಿಸಿದ. ಏರುತಗ್ಗಿನ ನೆಲದಲ್ಲಿ ದೋಣಿಗಳನ್ನು ಹತ್ತಿಸಿ ಇಳಿಸಲು ಎರಡೂ ಕಡೆ ಬಾಗಿಲಿರುವ ನೀರಿನ ತೊಟ್ಟಿಗಳನ್ನು ಕಟ್ಟಿದರು. ಇವೇ ‘ಲಾಕ್’ಗಳು. ಖರ್ಚು ಮತ್ತು ನೀರು ಉಳಿಸಲು ಇವುಗಳ ಅಗಲವನ್ನು ಸುಮಾರು 7 ಅಡಿಗೆ ಇಳಿಸಲಾಯಿತು. ಅಂದಿನ ಆ ನಿರ್ಧಾರದಿಂದಾಗಿ ಇಂದಿನ ಕಾಲುವೆ ಮನೆಯ ಅಗಲ ಸುಮಾರು 6 ಅಡಿ 10 ಅಂಗುಲ, ಅಂದರೆ 2.08 ಮೀಟರ್! ಉದ್ದ ಮಾತ್ರ 70 ಅಡಿಯವರೆಗೂ ಇರಬಹುದು. ಈ ದೋಣಿಗೆ ‘ನ್ಯಾರೋಬೋಟ್’ ಎಂದು ಹೆಸರು.

ರೈಲು ಬಂದ ಮೇಲೆ ಕಾಲುವೆ ಸಾಗಣೆಯ ದರ ಕುಸಿಯಿತು. ದಡದ ಮನೆಯ ಬಾಡಿಗೆ ಕಟ್ಟಲಾಗದ ದೋಣಿಗಾರರು ಹೆಂಡತಿ ಮಕ್ಕಳನ್ನೂ ದೋಣಿಗೆ ಕರೆತಂದರು. ಅಂಥ ದೋಣಿಗಳಲ್ಲಿ ಜನ ಕಿಕ್ಕಿರಿಯುವುದನ್ನು ತಡೆಯಲು 1877ರಲ್ಲಿ ಕಾನೂನನ್ನೇ ಮಾಡಬೇಕಾಯಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ, ಉಳಿದಿದ್ದ ಸರಕು ಸಾಗಣೆಯೂ ಬಹುಮಟ್ಟಿಗೆ ನಿಂತಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3,200 ಕಿ.ಮೀ. ಜಲಮಾರ್ಗಗಳನ್ನು 2012ರಿಂದ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಇಲ್ಲಿರುವ ದೋಣಿಗಳ ಸಂಖ್ಯೆ ಈಗ 35,000ಕ್ಕೂ ಹೆಚ್ಚು. ಬಾಡಿಗೆ ಕಟ್ಟಲಾಗದೆ ದೋಣಿ ಹತ್ತುವ ಕಾರಣ ಮಾತ್ರ ಅಂದಿನದೇ ಉಳಿದಿದೆ.

ಒಂದು ಟನ್ನಿಗೆ ಮೂರು ಸೆಂಟಿಮೀಟರ್

ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸ್ ತತ್ತ್ವ ನಿಮಗೆ ಗೊತ್ತು. 57 ಅಡಿ, ಅಂದರೆ 17.4 ಮೀಟರ್ ಉದ್ದದ ದೋಣಿಯನ್ನು ತೆಗೆದುಕೊಳ್ಳಿ. ಎರಡೂ ತುದಿಗಳ ಚೂಪನ್ನು ಕಳೆದರೆ ಅದು ನೀರಿನ ಮೇಲೆ ಆವರಿಸುವ ವಿಸ್ತೀರ್ಣ ಸುಮಾರು 32 ಚದರ ಮೀಟರ್. ಅದು 55 ಸೆಂ.ಮೀ. ಮುಳುಗಿದ್ದರೆ ಸರಿಸಿದ ನೀರು 17.6 ಘನ ಮೀಟರ್. ಆದ್ದರಿಂದ ದೋಣಿಯ ತೂಕ ಸುಮಾರು ಹದಿನೇಳೂವರೆ ಟನ್.

ಇನ್ನೊಂದು ಟನ್ ಹೇರಿದರೆ? ಒಂದು ಘನ ಮೀಟರನ್ನು 32ರಿಂದ ಭಾಗಿಸಿ. ದೋಣಿ ಸುಮಾರು 3 ಸೆಂ.ಮೀ. ಕೆಳಗಿಳಿಯುತ್ತದೆ. 600 ಲೀಟರಿನ ಕುಡಿಯುವ ನೀರಿನ ತೊಟ್ಟಿ ತುಂಬಿಸಿದರೆ ಸುಮಾರು 2 ಸೆಂ.ಮೀ. ಈ ತೊಟ್ಟಿ ಸಾಮಾನ್ಯವಾಗಿ ದೋಣಿಯ ಮುಂತುದಿಯಲ್ಲಿರುವುದರಿಂದ ನೀರು ತುಂಬಿದಾಗ ಮೂತಿ ಬಗ್ಗುತ್ತದೆ, ಖಾಲಿಯಾದಾಗ ಏಳುತ್ತದೆ. ಪುಸ್ತಕದ ಕಪಾಟು ಒಂದೇ ಪಕ್ಕಕ್ಕಿದ್ದರೆ ಮನೆಯೇ ವಾಲುತ್ತದೆ. ಇದನ್ನು ಸರಿದೂಗಿಸಲು ನೆಲಹಲಗೆಯ ಕೆಳಗೆ ಇಟ್ಟಿಗೆಗಳನ್ನೋ ಕಬ್ಬಿಣದ ತುಂಡುಗಳನ್ನೋ ಇಟ್ಟಿರುತ್ತಾರೆ. ಮೂರು ಸೆಂಟಿಮೀಟರ್ ಎಂಬ ಈ ಅಂಕಿಯನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಆರು ಮಿಲಿಮೀಟರ್ ಉಕ್ಕು

ಇಂದಿನ ನ್ಯಾರೋಬೋಟಿನ ತಳದ ಉಕ್ಕು ಸಾಮಾನ್ಯವಾಗಿ 10 ಮಿ.ಮೀ., ನೀರಿಗೆ ತಾಗುವ ಪಕ್ಕಗಳು 6 ಮಿ.ಮೀ., ಮೇಲಿನ ಕೋಣೆಯ ಗೋಡೆ 4 ಮಿ.ಮೀ. ದಪ್ಪವಿರುತ್ತವೆ. ನಿಮಗೂ ಕಾಲುವೆಯ ನೀರಿಗೂ ನಡುವೆ ಇರುವುದು ಇಷ್ಟೇ.

ಕಬ್ಬಿಣ ತುಕ್ಕು ಹಿಡಿಯಲು ನೀರು, ಆಕ್ಸಿಜನ್ ಎರಡೂ ಬೇಕು. ಎರಡೂ ಧಾರಾಳವಾಗಿ ಸಿಗುವುದು ನೀರಿನ ಮಟ್ಟದ ಗೆರೆಯ ಆಸುಪಾಸಿನಲ್ಲಿ. ಇದನ್ನು ತಡೆಯಲು ಎರಡು-ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿ, ಪಾಚಿ ತುಕ್ಕುಗಳನ್ನು ಕೆರೆದು ತೆಗೆದು, ಡಾಂಬರಿನ ಬಣ್ಣ ಬಳಿಯಬೇಕು. ತುಂಗಭದ್ರೆಯ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುವುದೂ ನೀರನ್ನು ಹೊರಗಿಡುವ ಉದ್ದೇಶಕ್ಕೇ. ಆದರೆ ಹರಿಗೋಲನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ತರಬಹುದು. ಹದಿನೇಳು ಟನ್ನಿನ ದೋಣಿಗೆ ಕ್ರೇನ್ ಬೇಕು, ಇಲ್ಲವೇ ನೀರು ಬಸಿಯುವ ಕಟ್ಟೆ ಬೇಕು. ಅದಕ್ಕೆ ಬಾಡಿಗೆ ಕೊಡಬೇಕು.

ಹಳೆಯ ದೋಣಿ ಕೊಳ್ಳುವಾಗ ಹೊರಗಿನ ಬಣ್ಣ, ಒಳಗಿನ ಅಡುಗೆಮನೆ ನೋಡಿ ಮರುಳಾಗುವುದು ಮೊದಲ ತಪ್ಪು. ಮೊದಲು ಅದನ್ನು ನೀರಿನಿಂದ ಎತ್ತಿಸಿ ತಳದ ದಪ್ಪವನ್ನು ಅಳೆಸಬೇಕು. ಅಳೆಯುವುದು ಶ್ರವಣಾತೀತ ಧ್ವನಿಯಿಂದ. ಉಕ್ಕಿನಲ್ಲಿ ಈ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಉಪಕರಣ ಕಳಿಸಿದ ಸ್ಪಂದನ 6 ಮಿ.ಮೀ. ದಾಟಿ ಒಳಮೈಗೆ ಬಡಿದು ಮರಳಲು ಸುಮಾರು 2 ಮೈಕ್ರೋಸೆಕೆಂಡ್ ಸಾಕು. ಪ್ರತಿಧ್ವನಿ 1.36 ಮೈಕ್ರೋಸೆಕೆಂಡಿಗೇ ಬಂದುಬಿಟ್ಟರೆ? ಅಲ್ಲಿ ಉಳಿದಿರುವುದು 4 ಮಿ.ಮೀ. ಮಾತ್ರ.

ಈ 4 ಮಿ.ಮೀ. ಮುಖ್ಯವಾದ ಗಡಿ. ಉಕ್ಕು ಅದಕ್ಕಿಂತ ತೆಳ್ಳಗಾದ ಹಳೆಯ ದೋಣಿಗೆ ಪೂರ್ಣ ವಿಮೆ ನೀಡಲು ವಿಮಾ ಕಂಪನಿಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಆಗ ಸವೆದ ಭಾಗದ ಮೇಲೆ ಹೊಸ ಉಕ್ಕಿನ ಹಾಳೆ ಬೆಸೆಯಬೇಕು. ಇಡೀ ತಳಕ್ಕೆ 4 ಮಿ.ಮೀ. ಹಾಳೆ ಬೆಸೆದರೆ ಎಷ್ಟು ತೂಕ? 32 ಚದರ ಮೀಟರ್ × 0.004 ಮೀಟರ್ × ಘನ ಮೀಟರಿಗೆ 7,850 ಕಿ.ಗ್ರಾಂ. ಉತ್ತರ ಸುಮಾರು 1,000 ಕಿ.ಗ್ರಾಂ., ಅಂದರೆ ಒಂದು ಟನ್. ದೋಣಿ ಮೂರು ಸೆಂಟಿಮೀಟರ್ ಕೆಳಗಿಳಿಯಿತು! ಪಕ್ಕದಲ್ಲಿರುವ ಗಾಳಿಕಿಂಡಿ, ಸಿಂಕಿನ ತೂತುಗಳು ಅಷ್ಟೇ ನೀರಿಗೆ ಹತ್ತಿರವಾದವು. ಆದ್ದರಿಂದ ನೆಲಹಲಗೆ ಕಿತ್ತು ಒಂದು ಟನ್ ಭಾರ ಹೊರತೆಗೆಯಬೇಕು. ಬೆಸುಗೆಯ ಕಾವಿಗೆ ಒಳಗಿನ ಶಾಖನಿರೋಧಕ ಪದರ ಸುಟ್ಟಿದ್ದರೆ ಅದನ್ನೂ ಹೊಸದಾಗಿ ಹಾಕಬೇಕು. ಅಗ್ಗವಾಗಿ ಸಿಕ್ಕ ದೋಣಿ ದುಬಾರಿಯಾಗುವ ಸಾಮಾನ್ಯ ದಾರಿ ಇದು.

ನೆರೆಯ ದೋಣಿಗೆ ನಮ್ಮ ಲೋಹ

ದೋಣಿಯ ಹೊರಮೈಗೆ ಮ್ಯಾಗ್ನೀಸಿಯಂ ಲೋಹದ ದಪ್ಪ ತುಂಡುಗಳನ್ನು ಬೆಸೆದಿರುತ್ತಾರೆ. ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯಲ್ಲಿ ಮ್ಯಾಗ್ನೀಸಿಯಂ ಕಬ್ಬಿಣಕ್ಕಿಂತ ಬಹಳ ಮೇಲಿದೆ. ಎರಡು ಲೋಹಗಳು ಒಂದಕ್ಕೊಂದು ತಾಗಿದ್ದು ಒಂದೇ ನೀರಿನಲ್ಲಿದ್ದರೆ ಅದೊಂದು ವಿದ್ಯುತ್ಕೋಶ. ಹೆಚ್ಚು ಕ್ರಿಯಾಶೀಲ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಮ್ಯಾಗ್ನೀಸಿಯಂ ತಾನು ಸವೆದು ಕಬ್ಬಿಣವನ್ನು ಕಾಪಾಡುತ್ತದೆ. ಸಮುದ್ರದ ಉಪ್ಪುನೀರಿನಲ್ಲಿ ಸತು ಸಾಕು. ಸಿಹಿನೀರಿನ ವಾಹಕತೆ ಕಡಿಮೆ. ಆದ್ದರಿಂದ ಹೆಚ್ಚು ವಿಭವಾಂತರ ಕೊಡುವ ಮ್ಯಾಗ್ನೀಸಿಯಂ ಬೇಕು.

ಇಲ್ಲೊಂದು ಕಾಣದ ಕುಣಿಯಿದೆ. ದೋಣಿಯನ್ನು ಕಟ್ಟೆಗೆ ಕಟ್ಟಿ ದಡದ ವಿದ್ಯುತ್ ಸಂಪರ್ಕ ಪಡೆದಿರಿ ಎನ್ನಿ. ವಿದ್ಯುದಾಘಾತ ತಪ್ಪಿಸಲು ಭೂಸಂಪರ್ಕದ ತಂತಿಯನ್ನು ದೋಣಿಯ ಮೈಗೆ ಜೋಡಿಸಲೇಬೇಕು. ನೆರೆಯ ದೋಣಿಗಳೂ ಅದೇ ಭೂತಂತಿಗೆ ಜೋಡಿಸಿಕೊಂಡಿವೆ. ಕೆಳಗೆ ಎಲ್ಲರಿಗೂ ಒಂದೇ ನೀರು, ಮೇಲೆ ಎಲ್ಲರಿಗೂ ಒಂದೇ ತಂತಿ. ಎಲ್ಲ ದೋಣಿಗಳೂ ಸೇರಿ ಒಂದು ದೊಡ್ಡ ವಿದ್ಯುತ್ಕೋಶವಾದವು! ನೆರೆಯವರ ಮ್ಯಾಗ್ನೀಸಿಯಂ ಸವೆದುಹೋಗಿದ್ದರೆ ನಿಮ್ಮ ಮ್ಯಾಗ್ನೀಸಿಯಂ ಅವರ ದೋಣಿಯನ್ನೂ ಕಾಯಲು ಹೋಗಿ ಬೇಗ ಮುಗಿಯುತ್ತದೆ. ಆಮೇಲೆ ಕರಗುವ ಸರದಿ ನಿಮ್ಮ ಉಕ್ಕಿನದು. ಇಂಥ ಸವೆತ ಮೈಯೆಲ್ಲ ಸಮನಾಗಿ ಆಗುವುದಿಲ್ಲ, ಅಲ್ಲಲ್ಲಿ ಆಳವಾದ ಗುಳಿಗಳನ್ನು ಕೊರೆಯುತ್ತದೆ.

ಹಾಗೆಂದು ಭೂತಂತಿಯನ್ನು ಕತ್ತರಿಸಬಾರದು. ಅದು ಪ್ರಾಣಕ್ಕೇ ಅಪಾಯ. ಪರಿಹಾರ ಡಯೋಡಿನಲ್ಲಿದೆ. ಒಂದು ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿಗಿಂತ ಕಡಿಮೆ ಒತ್ತಡದಲ್ಲಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಎರಡನ್ನು ಸಾಲಾಗಿ ಜೋಡಿಸಿದರೆ ತಡೆ 1.2 ವೋಲ್ಟ್. ಇಂಥ ಎರಡು ಸಾಲುಗಳನ್ನು ಎದುರುಬದುರು ದಿಕ್ಕಿಗೆ ಭೂತಂತಿಯಲ್ಲಿ ಇಟ್ಟರೆ, ದೋಣಿಗಳ ನಡುವೆ ಹರಿಯುವ ಅಲ್ಪ ವೋಲ್ಟಿನ ಪ್ರವಾಹ ನಿಲ್ಲುತ್ತದೆ. ದೋಷ ಉಂಟಾಗಿ 230 ವೋಲ್ಟ್ ಮೈಗೆ ಬಂದರೆ ಮಾತ್ರ ಡಯೋಡುಗಳು ದಾರಿ ಬಿಡುತ್ತವೆ. ಈ ಚಿಕ್ಕ ಪೆಟ್ಟಿಗೆಯ ಬೆಲೆ, ತಳಕ್ಕೆ ಹೊಸ ಹಾಳೆ ಬೆಸೆಯುವ ಖರ್ಚಿನ ಮುಂದೆ ಏನೂ ಅಲ್ಲ.

ಡಿಸೆಂಬರಿನ ವಿದ್ಯುತ್ತು

ದಡದ ಸಂಪರ್ಕವಿಲ್ಲದೆ ಸಂಚರಿಸುವ ದೋಣಿಗೆ ತನ್ನದೇ ವಿದ್ಯುತ್ತು ಬೇಕು. 12 ವೋಲ್ಟಿನ, ತಲಾ 110 ಆಂಪಿಯರ್-ಗಂಟೆಯ ನಾಲ್ಕು ಸೀಸ-ಆಮ್ಲ ಬ್ಯಾಟರಿಗಳಿವೆ ಎಂದುಕೊಳ್ಳಿ. ಒಟ್ಟು ಶಕ್ತಿ 5.28 ಯೂನಿಟ್. ಆದರೆ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಇವುಗಳ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಕೈಗೆ ಸಿಗುವುದು ಸುಮಾರು 2.6 ಯೂನಿಟ್. ಸಣ್ಣ ಫ್ರಿಜ್ಜು, ದೀಪ, ನೀರಿನ ಪಂಪು, ಕಂಪ್ಯೂಟರು ಇಷ್ಟಕ್ಕೇ ದಿನಕ್ಕೆ ಒಂದೂವರೆ ಯೂನಿಟ್ ಹಿಡಿಯಿರಿ. ಎರಡನೆಯ ದಿನ ಮುಗಿಯುವ ಮೊದಲೇ ಕತ್ತಲೆ.

ಸೌರ ಫಲಕ ಇದೆಯಲ್ಲ ಎನ್ನುತ್ತೀರಾ? 300 ವಾಟ್ ಫಲಕದ ಲೆಕ್ಕ ನೋಡಿ. ಲಂಡನ್ನಿನಲ್ಲಿ ಜೂನ್ ತಿಂಗಳ ದಿನವೊಂದಕ್ಕೆ ಪೂರ್ಣ ಬಿಸಿಲಿನ ಸುಮಾರು 5 ಗಂಟೆಗೆ ಸಮನಾದ ಶಕ್ತಿ ಸಿಗುತ್ತದೆ. ನಷ್ಟಗಳನ್ನು ಕಳೆದರೆ ಫಲಕ 1.2 ಯೂನಿಟ್ ಕೊಡುತ್ತದೆ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ, ಸೂರ್ಯ ದಿಗಂತದ ಹತ್ತಿರವೇ ಸುಳಿದು ಮುಳುಗುತ್ತಾನೆ, ಮೇಲೆ ಮೋಡ. ಆಗ ಸಿಗುವುದು ಜೂನಿನ ಸುಮಾರು ಎಂಟನೆಯ ಅಥವಾ ಹತ್ತನೆಯ ಒಂದು ಭಾಗ. ದೀಪ ಹೆಚ್ಚು ಬೇಕಾದ ತಿಂಗಳಲ್ಲೇ ಬೆಳಕಿಲ್ಲ. ಬೇಸಿಗೆಯಲ್ಲಿ ದೋಣಿ ನೋಡಿ ಕೊಂಡವರು ಎಡವುವುದು ಇಲ್ಲಿ.

ಉಳಿದ ದಾರಿ ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ತುಂಬುವುದು. ಆದರೆ ಸೀಸ-ಆಮ್ಲ ಬ್ಯಾಟರಿ ಕೊನೆಯ ಐದನೆಯ ಒಂದು ಭಾಗವನ್ನು ಬಹಳ ನಿಧಾನವಾಗಿ, ಹಲವು ಗಂಟೆ ಹಿಡಿದು ತುಂಬಿಕೊಳ್ಳುತ್ತದೆ. ಬೇಸತ್ತು ಅರ್ಧಕ್ಕೇ ನಿಲ್ಲಿಸಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿ ಹಾಳಾಗುತ್ತದೆ. ನೆರೆಹೊರೆಯ ನೆಮ್ಮದಿಗಾಗಿ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಓಡಿಸಬಾರದು ಎಂಬ ಸೂಚನೆಯೂ ಇದೆ. ಲಿಥಿಯಂ ಬ್ಯಾಟರಿ ಬೇಗ ತುಂಬುತ್ತದೆ, ಹೆಚ್ಚು ಬಾಳುತ್ತದೆ. ಆದರೆ ಬೆಲೆ ಹೆಚ್ಚು, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ಉರಿಯುವ ಅನಿಲದೊಳಗಿನ ನೀರು

ನಮ್ಮ ಅಡುಗೆ ಅನಿಲದ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯುಟೇನ್ ಬೆರೆತಿರುತ್ತವೆ. ದೋಣಿಯವರು ಪ್ರೊಪೇನನ್ನೇ ಕೇಳಿ ಕೊಳ್ಳಬೇಕು. ಬ್ಯುಟೇನಿನ ಕುದಿಬಿಂದು ಸುಮಾರು ಸೊನ್ನೆ ಡಿಗ್ರಿ. ಹಿಮ ಬೀಳುವ ಬೆಳಿಗ್ಗೆ ಅದು ಸಿಲಿಂಡರಿನೊಳಗೆ ದ್ರವವಾಗಿಯೇ ಕುಳಿತಿರುತ್ತದೆ. ಪ್ರೊಪೇನಿನ ಕುದಿಬಿಂದು -42 ಡಿಗ್ರಿ ಸೆಲ್ಸಿಯಸ್.

ಈಗ ಪ್ರೊಪೇನ್ ಉರಿಯುವ ಸಮೀಕರಣ ಬರೆಯಿರಿ. ಒಂದು ಅಣು ಪ್ರೊಪೇನ್ ಐದು ಅಣು ಆಕ್ಸಿಜನ್ನಿನೊಡನೆ ಸೇರಿ ಮೂರು ಅಣು ಕಾರ್ಬನ್ ಡೈಆಕ್ಸೈಡ್, ನಾಲ್ಕು ಅಣು ನೀರು ಆಗುತ್ತದೆ. 44 ಗ್ರಾಂ ಪ್ರೊಪೇನಿಗೆ 72 ಗ್ರಾಂ ನೀರು. ಹಾಗಾದರೆ 13 ಕಿ.ಗ್ರಾಂ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ದೋಣಿಯೊಳಗೆ 21 ಲೀಟರ್ ನೀರು ಆವಿಯಾಗಿ ಸೇರಿರುತ್ತದೆ! ಇದರ ಜೊತೆಗೆ ಉಸಿರು, ಬೆವರು, ಒದ್ದೆ ಬಟ್ಟೆ. ಈ ಆವಿ ಹೊರಗಿನ ಚಳಿಗೆ ತಣ್ಣಗಾದ ಉಕ್ಕಿಗೂ ಕಿಟಕಿಯ ಗಾಜಿಗೂ ತಾಗಿ ಇಬ್ಬನಿಯಾಗಿ ಇಳಿಯುತ್ತದೆ. ಹಾಸಿಗೆಯ ಅಡಿ, ಬಟ್ಟೆಯ ಬೀರು, ಪುಸ್ತಕಗಳ ಹಿಂದೆ ಬೂಷ್ಟು ಬೆಳೆಯುತ್ತದೆ. ನೆಲಹಲಗೆಯ ಕೆಳಗೆ ನೀರು ನಿಂತು ಉಕ್ಕು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ.

ಪರಿಹಾರ ಗಾಳಿಯಾಟ. ದೋಣಿಯಲ್ಲಿ ಮುಚ್ಚಲಾಗದ ಗಾಳಿಕಿಂಡಿಗಳನ್ನು ಇಟ್ಟಿರುವುದು ಅದಕ್ಕೇ. ಆದರೆ ಚಳಿ ತಾಳದೆ ಜನ ಅವಕ್ಕೆ ಬಟ್ಟೆ ತುರುಕುತ್ತಾರೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಇದ್ದಲಿನ ಒಲೆಗೆ ಆಕ್ಸಿಜನ್ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ ಜೊತೆ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವಾಗದ ನಿದ್ದೆ. ಆರುತ್ತಿರುವ ಕೆಂಡದ ಒಲೆಯನ್ನು ಬೆಚ್ಚಗಿರಲಿ ಎಂದು ಒಳಗೆ ತಂದಿಟ್ಟುಕೊಳ್ಳುವುದೂ ಅಷ್ಟೇ ಅಪಾಯ. 2019ರ ಏಪ್ರಿಲ್‌ನಿಂದ ಇಂಥ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಸೂಚಕ ಗಂಟೆಯನ್ನು ಸುರಕ್ಷತಾ ನಿಯಮ ಕಡ್ಡಾಯ ಮಾಡಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸುವ ಅಭ್ಯಾಸ ನಮ್ಮ ಕಡೆಯೂ ಇರುವುದರಿಂದ ಈ ಪಾಠ ದೋಣಿಯವರಿಗೆ ಮಾತ್ರ ಅಲ್ಲ.

ಹದಿನಾಲ್ಕು ದಿನದ ನಿಯಮ

ಇನ್ನು ಕಾನೂನು ಮತ್ತು ಹಣದ ಮಾತು. ಕಾಲುವೆಯಲ್ಲಿ ದೋಣಿ ಇಡಲು ಪರವಾನಗಿ ಬೇಕು. ಪರವಾನಗಿಗೆ ವಿಮೆ ಬೇಕು, ನಾಲ್ಕು ವರ್ಷಕ್ಕೊಮ್ಮೆ ಪಡೆಯುವ ಸುರಕ್ಷತಾ ಪ್ರಮಾಣಪತ್ರ ಬೇಕು. ಮೂರನೆಯದಾಗಿ ದೋಣಿ ಕಟ್ಟಲು ಒಂದು ಸ್ವಂತ ತಂಗುದಾಣ ಬೇಕು. ವರ್ಷವಿಡೀ ವಾಸಿಸಲು ಅನುಮತಿಯಿರುವ ತಂಗುದಾಣಗಳು ವಿರಳ. ಲಂಡನ್ನಿನಲ್ಲಿ ಅವುಗಳ ಬಾಡಿಗೆ, ಉಳಿಯಿತೆಂದುಕೊಂಡ ಮನೆಬಾಡಿಗೆಯ ಗಣನೀಯ ಭಾಗವನ್ನು ನುಂಗಿಬಿಡುತ್ತದೆ.

ತಂಗುದಾಣವಿಲ್ಲದಿದ್ದರೆ 1995ರ ಕಾಯಿದೆಯಂತೆ ದೋಣಿ ನಿಜವಾಗಿಯೂ ಸಂಚರಿಸುತ್ತಿರಬೇಕು. ಒಂದೇ ಸ್ಥಳದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಎರಡೇ ತಂಗುಗಳ ನಡುವೆ ಹಿಂದೆ ಮುಂದೆ ಓಡಾಡಿದರೂ ಅದು ಸಂಚಾರವಲ್ಲ. ಒಬ್ಬರಿಗೇ ಆದರೆ ಇದು ಸೊಗಸು. ಮಗು ಒಂದೇ ಶಾಲೆಗೆ ಹೋಗಬೇಕು, ದಿನವೂ ಒಂದೇ ಆಫೀಸಿಗೆ ಹೋಗಬೇಕು ಎಂದಾಗ ಎರಡು ವಾರಕ್ಕೊಮ್ಮೆ ದಾರಿ ಬದಲಾಗುತ್ತದೆ. ಸ್ಥಿರ ವಿಳಾಸವಿಲ್ಲದೆ ಬ್ಯಾಂಕಿನಲ್ಲೂ ವೈದ್ಯರ ಬಳಿಯೂ ಹೆಸರು ನೋಂದಾಯಿಸುವುದು ತೊಡಕು. ಹೀಗೆ ಸಂಚರಿಸುವ ದೋಣಿಗಳಿಗೆ 2024ರ ಏಪ್ರಿಲ್‌ನಿಂದ ಪರವಾನಗಿ ಶುಲ್ಕದ ಮೇಲೆ ಹೆಚ್ಚುವರಿ ಶುಲ್ಕವೂ ಬಂದಿದೆ. ಪರವಾನಗಿ ತಪ್ಪಿದರೆ ದೋಣಿಯನ್ನು, ಅಂದರೆ ಮನೆಯನ್ನೇ, ತೆರವು ಮಾಡಿಸುವ ಅಧಿಕಾರ ಟ್ರಸ್ಟಿಗಿದೆ.

ಚಲಿಸೋಣವೆಂದರೂ ದಾರಿ ಸದಾ ತೆರೆದಿರುವುದಿಲ್ಲ. ಚಳಿಗಾಲದಲ್ಲಿ ದುರಸ್ತಿಗೆಂದು ಲಾಕ್‌ಗಳನ್ನು ಮುಚ್ಚುತ್ತಾರೆ. ಒಂದು ಸಾಧಾರಣ ಲಾಕ್ ಒಮ್ಮೆ ತುಂಬಿ ಖಾಲಿಯಾಗಲು ಸುಮಾರು ಒಂದು ಲಕ್ಷ ಲೀಟರ್ ನೀರು ಬೇಕು. 2025ರ ಬೇಸಿಗೆಯ ಬರದಲ್ಲಿ ಜಲಾಶಯಗಳು ಇಳಿದಾಗ ಲೀಡ್ಸ್-ಲಿವರ್‌ಪೂಲ್ ಸೇರಿದಂತೆ ಹಲವು ಕಾಲುವೆಗಳಲ್ಲಿ ಸಂಚಾರ ನಿಲ್ಲಿಸಬೇಕಾಯಿತು. ಲಾಕ್‌ನಲ್ಲಿ ಇಳಿಯುವಾಗ ಇನ್ನೊಂದು ಎಚ್ಚರ ಬೇಕು. ಮೇಲಿನ ಬಾಗಿಲ ಬುಡದಲ್ಲಿ ಕಲ್ಲಿನದೋ ಕಾಂಕ್ರೀಟಿನದೋ ಒಂದು ಹೊಸ್ತಿಲಿರುತ್ತದೆ. ದೋಣಿಯ ಹಿಂತುದಿ ಅದರ ಮೇಲೆ ಸಿಕ್ಕಿಕೊಂಡು ನೀರು ಇಳಿಯುತ್ತ ಹೋದರೆ ಮುಂತುದಿ ಬಗ್ಗಿ, ನಿಮಿಷಗಳಲ್ಲಿ ದೋಣಿ ಮುಳುಗುತ್ತದೆ.

ನಿಜವಾದ ಲೆಕ್ಕ

ಮನೆಯ ಬೆಲೆಯಲ್ಲಿ ಎರಡು ಪಾಲು: ಕಟ್ಟಡ ಮತ್ತು ನೆಲ. ಕಟ್ಟಡ ಹಳತಾಗುತ್ತದೆ, ನೆಲ ತುಕ್ಕು ಹಿಡಿಯುವುದಿಲ್ಲ. ದೋಣಿಯಲ್ಲಿ ನೆಲದ ಪಾಲೇ ಇಲ್ಲ. ಆದ್ದರಿಂದಲೇ ಅದು ಅಗ್ಗ. ಆ ಕಾರಣಕ್ಕೇ ಸಾಮಾನ್ಯ ಗೃಹಸಾಲ ಸಿಗುವುದಿಲ್ಲ. ಸಿಗುವ ಸಾಲಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ. ಮನೆಗಿರುವಂಥ ನೋಂದಾಯಿತ ಹಕ್ಕುಪತ್ರವೂ ಸಾಮಾನ್ಯವಾಗಿ ಇರುವುದಿಲ್ಲ. ಹಿಂದಿನ ಮಾರಾಟದ ಚೀಟಿಗಳನ್ನು ನೋಡಿ, ಸಾಲ ಬಾಕಿಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಒಂದು ಊಹೆಯ ಉದಾಹರಣೆ ನೋಡಿ. ದೋಣಿಯ ಬೆಲೆ 60,000 ಪೌಂಡ್. ಆ ಹಣ ಬ್ಯಾಂಕಿನಲ್ಲಿದ್ದರೆ ಶೇಕಡಾ 5ರಂತೆ ವರ್ಷಕ್ಕೆ 3,000 ಪೌಂಡ್ ಬಡ್ಡಿ ಬರುತ್ತಿತ್ತು. ದೋಣಿಯ ಬೆಲೆ ವರ್ಷಕ್ಕೆ ಶೇಕಡಾ 4ರಷ್ಟು ಇಳಿದರೆ ಇನ್ನು 2,400. ಒಂದು ಮೊಳೆ ಕೊಳ್ಳುವ ಮೊದಲೇ ತಿಂಗಳಿಗೆ 450 ಪೌಂಡ್ ಖರ್ಚಾಯಿತು. ಇದಕ್ಕೆ ಪರವಾನಗಿ, ವಿಮೆ, ತಂಗುದಾಣ, ಡೀಸೆಲ್, ಇದ್ದಲು, ಅನಿಲ ಸೇರಿಸಿ. ಡಾಂಬರು ಬಳಿಯುವ ಖರ್ಚನ್ನು ಎರಡೂವರೆಯಿಂದ, ಬ್ಯಾಟರಿಯದನ್ನು ಅದರ ಆಯುಸ್ಸಿನಿಂದ, ಸುರಕ್ಷತಾ ತಪಾಸಣೆಯದನ್ನು ನಾಲ್ಕರಿಂದ ಭಾಗಿಸಿ ಸೇರಿಸಿ. ಕೊನೆಯದಾಗಿ, ಅನಿರೀಕ್ಷಿತ ಬೆಸುಗೆಗೆಂದು ಒಂದಿಷ್ಟು ತೆಗೆದಿಡಿ. ಆಗ ಬರುವ ಮೊತ್ತವನ್ನು ಬಾಡಿಗೆಯ ಜೊತೆ ಹೋಲಿಸಿ. ಅಷ್ಟಾದರೂ ದೋಣಿಯೇ ಲೇಸೆಂದು ಕಂಡರೆ ಧೈರ್ಯವಾಗಿ ಕೊಳ್ಳಬಹುದು. ಹಾಗೆ ಕೊಂಡು ಸುಖವಾಗಿರುವವರೂ ಸಾಕಷ್ಟಿದ್ದಾರೆ.

ದಡದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ, ಕಕ್ಕಸಿನ ನೀರು ಎಲ್ಲಿಗೋ ಹೋಗುತ್ತದೆ. ನೂರಾರು ಜನರ ದುಡಿಮೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದೋಣಿಯಲ್ಲಿ ಆ ಕೆಲಸವೆಲ್ಲ ಒಬ್ಬರ ತಲೆಗೇ ಬರುತ್ತದೆ. ನೀರು ತುಂಬಿ ತರಬೇಕು, ಮಲದ ಪೆಟ್ಟಿಗೆಯನ್ನು ಹೊತ್ತೊಯ್ದು ಬರಿದು ಮಾಡಬೇಕು, ವಿದ್ಯುತ್ತು ತಾನೇ ಮಾಡಿಕೊಳ್ಳಬೇಕು.

ತರಗತಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಚಚ್ಚೌಕದ ಡಬ್ಬಿಯೊಂದನ್ನು ನೀರಿನಲ್ಲಿ ತೇಲಿಸಿ, ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ಎಷ್ಟು ಮಿಲಿಮೀಟರ್ ಇಳಿಯಿತೆಂದು ಅಳೆಯಿರಿ. ಲೆಕ್ಕದಿಂದ ಬಂದ ಉತ್ತರದ ಜೊತೆ ಹೋಲಿಸಿ. ಇನ್ನೊಂದು ಪ್ರಯೋಗಕ್ಕೆ ಮೂರು ಕಬ್ಬಿಣದ ಮೊಳೆ ಸಾಕು. ಒಂದಕ್ಕೆ ಮ್ಯಾಗ್ನೀಸಿಯಂ ಪಟ್ಟಿ, ಇನ್ನೊಂದಕ್ಕೆ ತಾಮ್ರದ ತಂತಿ ಸುತ್ತಿ, ಮೂರನೆಯದನ್ನು ಹಾಗೇ ಬಿಟ್ಟು, ಬೇರೆ ಬೇರೆ ಲೋಟಗಳ ಉಪ್ಪುನೀರಿನಲ್ಲಿ ಕೆಲವು ದಿನ ಇಡಿ. ಯಾವ ಮೊಳೆ ಮೊದಲು ಕೆಂಪಾಯಿತು ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ. ಉಕ್ಕಿನ ದೋಣಿಯನ್ನು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಯಾವುದೆಂದು ಆಮೇಲೆ ಅವರನ್ನು ಕೇಳಿ.